ಬಿ.ಎಡ್ ಮಾಡಿದವರೇ, ತರಗತಿ ವೀಕ್ಷಣೆಯಲ್ಲಿ ನೀವು ನೋಡಿದ್ದೇನು? ಈ ಕೆಲಸ ಬೇಕೋ ಬೇಡವೋ ಅಂತ ಅಲ್ಲಿ ಗೊತ್ತಾಯಿತಾ?

ಹಾವೇರಿ ಕಡೆಯಾಕಿ

ಎಲ್ಲರಿಗೂ ನಮಸ್ಕಾರ. ಬಿ.ಎಸ್‌ಸಿ ಮುಗಿಸಿ ಬಿ.ಎಡ್ ಸೇರಿದವಳು ನಾನು, ಈಗ ಎರಡನೇ ವರ್ಷ. ಇಂಟರ್ನ್‌ಶಿಪ್‌ಗೆ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕೊಟ್ಟಿದ್ದಾರೆ. ನಾವು ಪಾಠ ಶುರು ಮಾಡುವ ಮೊದಲು ಅಲ್ಲಿನ ಶಿಕ್ಷಕರ ಪಾಠ ಕೂತು ನೋಡಬೇಕು, ನೋಡಿದ್ದನ್ನು ವೀಕ್ಷಣಾ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಬೇಕು. ಪೀಠಿಕೆ ಹೇಗಿತ್ತು, ಕರಿಹಲಗೆಯ ಬಳಕೆ, ಧ್ವನಿಯ ಏರಿಳಿತ, ಬೋಧನೋಪಕರಣ, ಪ್ರಶ್ನೆಗಳ ಹಂಚಿಕೆ, ತರಗತಿ ನಿರ್ವಹಣೆ, ಉಪಸಂಹಾರ. ಒಂದೊಂದಕ್ಕೂ ಐದರಲ್ಲಿ ಇಷ್ಟು ಅಂತ ಅಂಕ. ನಮ್ಮ ಬ್ಯಾಚಿನಲ್ಲಿ ಅರ್ಧ ಜನ ಸೀನಿಯರ್‌ಗಳ ಪುಸ್ತಕ ಇಸಿದುಕೊಂಡು ಬಸ್ಸಿನಲ್ಲೇ ಕೂತು ತುಂಬಿಬಿಡುತ್ತಾರೆ.

ಆರನೇ ತರಗತಿಯ ಗಣಿತ ನೋಡಲು ಕೂತಿದ್ದೆ. ದಶಾಂಶ ಪಾಠ. ಅಕ್ಕೋರು ಹಲಗೆ ಮೇಲೆ 0.5, 0.35 ಎರಡನ್ನೇ ಬರೆದು "ಯಾವುದು ದೊಡ್ಡದು?" ಅಂದರು. ಒಬ್ಬ ಹುಡುಗ ತಟ್ಟನೆ ಎದ್ದ. "0.35 ರೀ. ಮೂವತ್ತೈದು ದೊಡ್ಡದಲ್ರಿ ಐದಕ್ಕಿಂತ." ಅಕ್ಕೋರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. "ಉಳಿದವರು ಏನಂತೀರಿ?" ಅಂತ ಕೇಳಿ ಕಿಟಕಿಗೆ ಒರಗಿ ನಿಂತರು. ಗದ್ದಲ. ಒಬ್ಬ ಹುಡುಗಿ 0.5 ದೊಡ್ಡದು ಅಂದಳು, ಯಾಕೆ ಅಂದರೆ "ಗೊತ್ತಿಲ್ರಿ" ಅಂದಳು, ಎಲ್ಲರೂ ನಕ್ಕರು. ಆಗ ಅಕ್ಕೋರು ಮೀಟರ್ ಪಟ್ಟಿಯನ್ನು ಬೆಂಚಿನ ಮೇಲೆ ಅಡ್ಡ ಇಟ್ಟು, "ಈ ಇಡೀ ಪಟ್ಟಿ ಒಂದು. ಇದರಾಗ 0.5 ಎಲ್ಲಿ ಬರ್ತೈತಿ, ಬೆರಳಿಡು" ಅಂತ ಆ ಹುಡುಗನನ್ನೇ ಕರೆದರು. ಅವನು ಸೀದಾ 5 ಸೆಂಟಿಮೀಟರ್ ಗುರುತಿನ ಮೇಲೆ ಬೆರಳಿಟ್ಟ. ಆ ಹುಡುಗಿ, "ಏ, ಒಂದನ್ನ ಹತ್ತು ಪಾಲು ಮಾಡಬೇಕಲ್ಲೋ" ಅಂದಳು. ಎಲ್ಲರೂ ಸೇರಿ ಹತ್ತು ಪಾಲು ಎಣಿಸಿದರು. ಅವನ ಬೆರಳು ಸರಿಯುತ್ತ ಸರಿಯುತ್ತ 50ಕ್ಕೆ ಬಂತು. ಸ್ವಲ್ಪ ಹೊತ್ತು ಪಟ್ಟಿಯನ್ನೇ ನೋಡುತ್ತ ನಿಂತಿದ್ದವನು, "ಹಂಗಂದ್ರ 0.5 ಅಂದ್ರೂ 0.50 ಅಂದ್ರೂ ಒಂದ ಏನ್ರಿ? ಹಿಂದ ಸೊನ್ನಿ ಹಚ್ಚಿದ್ರ ಏನೂ ಆಗಂಗಿಲ್ಲೇನ್ರಿ?" ಅಂದ. ಗಂಟೆ ಹೊಡೆಯಿತು. ಅಕ್ಕೋರು, "ಮುಂದ ಹಚ್ಚಿದ್ರ ಏನಾಗ್ತೈತಿ, ನಾಳೆ ನೋಡೋಣು" ಅಂತ ಹೊರಟೇಬಿಟ್ಟರು.

ಈಗ ಪುಸ್ತಕದ ಪ್ರಕಾರ ಈ ಪಾಠಕ್ಕೆ ಪೀಠಿಕೆ ಇಲ್ಲ, ಉಪಸಂಹಾರ ಇಲ್ಲ, ಕರಿಹಲಗೆ ಸಾರಾಂಶ ಇಲ್ಲ, ಶಿಕ್ಷಕಿ ಅರ್ಧ ಹೊತ್ತು ಸುಮ್ಮನೆ ನಿಂತಿದ್ದಾರೆ. ಎಷ್ಟು ಅಂಕ ಹಾಕಲಿ?

ಎರಡನೇ ಪ್ರಶ್ನೆ ಇದಕ್ಕಿಂತ ದೊಡ್ಡದು. ಮನೆಯಲ್ಲಿ ಅಪ್ಪ ಬ್ಯಾಂಕ್ ಪರೀಕ್ಷೆ ಕಟ್ಟು ಅನ್ನುತ್ತಾರೆ. ಅತ್ತೆ, ಅಂದರೆ ಅಪ್ಪನ ತಂಗಿ, ಹೆಣ್ಣುಮಕ್ಕಳಿಗೆ ಮಾಸ್ತರಕಿ ಚಲೋ, ಸೂಟಿ ಬಾಳ ಇರ್ತಾವು ಅನ್ನುತ್ತಾರೆ. ನನಗೆ ಮಕ್ಕಳೆಂದರೆ ಪ್ರಾಣ, ಸೇವೆ ಮಾಡಬೇಕು, ಅಂಥದ್ದೆಲ್ಲ ಏನೂ ಇಲ್ಲ. ಆದರೆ ಆ ಹುಡುಗ ಮರುದಿನ ಏನಂತಾನೆ ಅನ್ನುವುದೇ ರಾತ್ರಿಯೆಲ್ಲ ತಲೆಯಲ್ಲಿತ್ತು. ಈ ಕೆಲಸಕ್ಕೆ ಬರಲು ಇಷ್ಟು ಸಾಕಾ?

---

ಪುತ್ತೂರಿನ ನಿವೃತ್ತ ಮಾಷ್ಟ್ರು

ಅಂಕ ಹಾಕುವ ವಿಷಯ ಆಮೇಲೆ ನೋಡುವ. ಮೊದಲು ಆ ಅಕ್ಕೋರಿಗೆ ನನ್ನದೊಂದು ನಮಸ್ಕಾರ ಹೇಳಿ.

ಆ ಹುಡುಗನ ಉತ್ತರಕ್ಕೆ ತಲೆಬುಡ ಇಲ್ಲ ಅಂತ ತಿಳಿಯಬೇಡಿ. ಐದನೇ ಕ್ಲಾಸಿನವರೆಗೆ ಅವನು ಕಲಿತದ್ದು ಪೂರ್ಣಸಂಖ್ಯೆ. ಅಲ್ಲಿ ಅಂಕಿ ಹೆಚ್ಚಿದ್ದ ಸಂಖ್ಯೆ ದೊಡ್ಡದು, ಕಣ್ಣುಮುಚ್ಚಿ ಹೇಳಬಹುದು. ಅದೇ ನಿಯಮವನ್ನು ಬಿಂದುವಿನ ಆಚೆಗೂ ತಂದಿದ್ದಾನೆ, ಅಷ್ಟೆ. ನಾವು "ಸೊನ್ನೆ ಪಾಯಿಂಟ್ ಮೂವತ್ತೈದು" ಅಂತ ಓದಿಸಿ ಅದಕ್ಕೆ ಇನ್ನೂ ನೀರೆರೆಯುತ್ತೇವೆ. "ಸೊನ್ನೆ ಬಿಂದು ಮೂರು ಐದು" ಅಂತ ಬಿಡಿಸಿ ಓದಿಸಿದರೆ ಅರ್ಧ ತೊಂದರೆ ಅಲ್ಲಿಗೇ ಹೋಗ್ತದೆ. ಕಳೆಯುವ ಲೆಕ್ಕದಲ್ಲೂ ಹೀಗೆಯೇ. 52ರಲ್ಲಿ 27 ಕಳೆ ಅಂದರೆ 35 ಅಂತ ಬರೆಯುವ ಮಕ್ಕಳು ಪ್ರತಿ ವರ್ಷ ಇರ್ತಾರೆ. ಎರಡರಲ್ಲಿ ಏಳು ಹೋಗುವುದಿಲ್ಲ, ಹಾಗಾಗಿ ಏಳರಲ್ಲಿ ಎರಡು ಕಳೆದುಬಿಡುವುದು. ಉತ್ತರ ತಪ್ಪು, ಆದರೆ ಅದರ ಒಳಗೊಂದು ಲೆಕ್ಕಾಚಾರ ಉಂಟು. ಅದನ್ನು ಹುಡುಕುವುದು ನಿಮಗೆ ರುಚಿಸ್ತದಾದರೆ ಬನ್ನಿ ಮಾರಾಯ್ರೆ, ಮೂವತ್ತು ವರ್ಷ ಬೇಸರ ಬರುವುದಿಲ್ಲ. ಪ್ರಾಣ, ಸೇವೆ ಎಲ್ಲ ಬೀಳ್ಕೊಡುಗೆ ಸಮಾರಂಭದ ಭಾಷಣಕ್ಕೆ ಇಟ್ಟುಕೊಳ್ಳಿ.

ಒಂದು ಕಿವಿಮಾತು. ವೀಕ್ಷಣೆಗೆ ಹೋದವರನ್ನೆಲ್ಲ ಹಿಂದಿನ ಬೆಂಚಿನಲ್ಲಿ ಕೂರಿಸ್ತಾರೆ. ಅಲ್ಲಿಂದ ಕಾಣುವುದು ಶಿಕ್ಷಕರ ಮುಖ, ಮಕ್ಕಳ ಬೆನ್ನು. ನಾಳೆ ಅಕ್ಕೋರ ಅಪ್ಪಣೆ ಕೇಳಿ ಮುಂದೆ, ಗೋಡೆಯ ಬದಿಗೆ ಒಂದು ಕುರ್ಚಿ ಹಾಕಿಕೊಳ್ಳಿ. ಇಡೀ ತರಗತಿ ಬೇಡ, ಎರಡೇ ಮಕ್ಕಳನ್ನು ಇಡೀ ಪೀರಿಯಡ್ ನೋಡಿ. ಒಬ್ಬ ಕೈ ಎತ್ತುವವ, ಒಬ್ಬ ಎತ್ತದವ.

---

ಅತಿಥಿ, ರಾಯಚೂರು

ಮೇಡಂ, ನೀವು ನೋಡಿದ್ದು ಖರೇನೇ ಛಲೋ ಪಾಠ. ಆದ್ರ ನೋಡೋದಾದ್ರ ಪೂರ್ತಿ ನೋಡ್ರಿ.

ಆ ಅಕ್ಕೋರು ಗಂಟಿ ಹೊಡದ ಮ್ಯಾಲೆ ಎಲ್ಲಿಗಿ ಹೋದ್ರು ನೋಡಿದ್ರೇನು? ಬಿಸಿಯೂಟದ ಹಾಜರಿ, ಹಾಲಿನ ಪುಡಿ ಲೆಕ್ಕ, ಮೊಟ್ಟಿ ಎಷ್ಟು ಬಾಳೆಹಣ್ಣು ಎಷ್ಟು ಅನ್ನೋದು, ಮಕ್ಕಳ ಮಾಹಿತಿ ತುಂಬೋ ಎಸ್‌ಎಟಿಎಸ್‌ದಾಗ ಎಂಟ್ರಿ, ನಡುವ ನಮ್ ಶಾಲಿಗಳ ಕ್ಲಸ್ಟರ್ ನೋಡೋ ಸಿಆರ್‌ಪಿ ಫೋನು "ಸರ್ ಆ ಮಾಹಿತಿ ಅರ್ಜೆಂಟ್ ಕಳ್ಸ್ರಿ" ಅಂತ. ಚುನಾವಣಿ ಬಂದ್ರ ಅದು, ಗಣತಿ ಬಂದ್ರ ಅದು. 2025ರ ದಸರಾ ಸೂಟಿ ಪೂರಾ ಸಮೀಕ್ಷೆಯೊಳಗ ಹೋತು, ಮನಿ ಮನಿ ತಿರುಗಿದವ್ರು ಮಾಸ್ತರೇ. ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) 27ನೇ ಕಲಂದಾಗ ಗಣತಿ, ವಿಪತ್ತು ಪರಿಹಾರ, ಚುನಾವಣಿ ಬಿಟ್ಟು ಬೇರೆ ಕೆಲಸ ಹಚ್ಚಬಾರ್ದು ಅಂತೈತಿ. ಆ ಮೂರ ಸಾಕಲ್ರಿ ವರ್ಷ ತುಂಬಾಕ.

ನಾ ಅತಿಥಿ ಶಿಕ್ಷಕ. ತಿಂಗಳಿಗಿ ಹತ್ತು ಹನ್ನೆರಡು ಸಾವಿರದ ಲೆಕ್ಕ, ಅದೂ ತಿಂಗಳಾ ತಿಂಗಳಾ ಬರಲ್ಲ, ಗೌರವಧನ ಅಂತ ಹೆಸ್ರು. ವರ್ಗಾವಣಿ ಆಗಿ ಕಾಯಂ ಶಿಕ್ಷಕರು ಬಂದ್ರ ನಡು ವರ್ಷದಾಗೂ ಮನಿಗಿ. ಮಾರ್ಚ್ ಮುಗೀತಂದ್ರ ಹೆಂಗೂ ಮನಿಗಿ. ಆದ್ರೂ ಯಾಕ ಹೊಕ್ಕೀನಿ ಅಂದ್ರ ನನಗೂ ನಿಮ್ಮಂಗ ಒಂದು ಹುಚ್ಚದ, ಅದ್ರಾಗ ಸುಳ್ಳಿಲ್ಲ. ಆದ್ರ ಹುಚ್ಚಿನ ಮ್ಯಾಲೆ ಮನಿ ನಡಿಯಂಗಿಲ್ಲ. ನಿಮ್ಮಪ್ಪಾರು ಬ್ಯಾಂಕ್ ಪರೀಕ್ಷಾ ಅಂತಾರಲ್ಲ, ಅವ್ರ ಮ್ಯಾಲೆ ಸಿಟ್ಟಾಗಬ್ಯಾಡ್ರಿ.

---

ಬಿ.ಎಡ್ ಕಾಲೇಜಿನ ಮೇಷ್ಟ್ರು

ವೀಕ್ಷಣಾ ಪುಸ್ತಕಕ್ಕೆ ಸಹಿ ಹಾಕುವ ಕಡೆಯವನು ನಾನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಬಿ.ಎಡ್ ಒಂದು ವರ್ಷದಿಂದ ಎರಡು ವರ್ಷಕ್ಕೆ ಏರಿದ್ದು ಶಿಕ್ಷಕರ ತರಬೇತಿ ನೋಡಿಕೊಳ್ಳುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮಾವಳಿಯಿಂದ. ಶಾಲೆಯಲ್ಲಿ ಕಳೆಯುವ ಸಮಯ ಒಟ್ಟು 20 ವಾರ, ಮೊದಲ ವರ್ಷ 4, ಎರಡನೇ ವರ್ಷ 16. ಇದರೊಳಗೆ ನಿಜವಾದ ತರಗತಿಯನ್ನು ನಿಜವಾದ ಶಿಕ್ಷಕರ ಜತೆ ಕೂತು ನೋಡಲಿಕ್ಕೆಂದೇ ಆರಂಭದಲ್ಲಿ ಸಮಯ ಇಡಬೇಕು ಎಂಬುದು ಅದರ ಆಶಯ. ಆಶಯ ಒಳ್ಳೆಯದೇ. ಆದರೆ ಹತ್ತಾರು ವಿದ್ಯಾರ್ಥಿಗಳನ್ನು ಹಲವು ಶಾಲೆಗಳಿಗೆ ಹಂಚಿ, ಎಲ್ಲರಿಗೂ ಅಂಕ ಕೊಡಬೇಕಾದ ಕಾಲೇಜು ಎಣಿಸಲು ಬರುವಂಥದ್ದನ್ನು ಮಾತ್ರ ನೋಡು ಎನ್ನುತ್ತದೆ. ಧ್ವನಿ, ಹಲಗೆ, ಉಪಕರಣ ಎಲ್ಲ ಎಣಿಕೆಗೆ ಸಿಗುತ್ತವೆ. ನಿಮ್ಮ ಅಕ್ಕೋರು ಕಿಟಕಿಗೆ ಒರಗಿ ನಿಂತದ್ದು ಸಿಗುವುದಿಲ್ಲ.

ಸಿಗುವುದೇ ಇಲ್ಲ ಅಂತಲ್ಲ. ತರಗತಿಯ ಮಾತುಕತೆಯನ್ನು ಅಳೆಯುವ ಫ್ಲಾಂಡರ್ಸ್ ಪದ್ಧತಿಯನ್ನು ಪರೀಕ್ಷೆಗೆ ಓದಿರುತ್ತೀರಿ, ಹತ್ತು ವರ್ಗಗಳ ಪಟ್ಟಿ ಬಾಯಿಪಾಠ ಮಾಡಿ ಮರೆತೂ ಇರುತ್ತೀರಿ. ಅದನ್ನು ಒಮ್ಮೆ ನಿಜವಾಗಿ ಬಳಸಿ ನೋಡಿ. ಮೂರು ಸೆಕೆಂಡಿಗೊಮ್ಮೆ ತರಗತಿಯಲ್ಲಿ ಆಗ ಏನು ನಡೆಯುತ್ತಿದೆಯೋ ಅದರ ಸಂಖ್ಯೆ ಬರೆಯುತ್ತ ಹೋಗಬೇಕು. ಒಂದರಿಂದ ಏಳು ಶಿಕ್ಷಕರ ಮಾತು. ಎಂಟು, ಶಿಕ್ಷಕರು ಕೇಳಿದ್ದಕ್ಕೆ ಮಗುವಿನ ಉತ್ತರ. ಒಂಬತ್ತು, ಮಗು ತಾನಾಗಿ ಎತ್ತಿದ ಮಾತು. ಹತ್ತು, ಮೌನ ಅಥವಾ ಗಲಿಬಿಲಿ. 40 ನಿಮಿಷದ ಪೀರಿಯಡ್ ಅಂದರೆ 800 ಗುರುತು. ಕೈ ನೋಯುತ್ತದೆ, ಹತ್ತು ನಿಮಿಷ ಮಾಡಿದರೂ ಸಾಕು, 200 ಗುರುತು ಸಿಗುತ್ತವೆ. ನನ್ನ ವಿದ್ಯಾರ್ಥಿಗಳು ಮಾಡಿ ತಂದ ಹಾಳೆಗಳಲ್ಲಿ ಐದು ಮತ್ತು ನಾಲ್ಕು, ಅಂದರೆ ಶಿಕ್ಷಕರ ವಿವರಣೆ ಮತ್ತು ಶಿಕ್ಷಕರ ಪ್ರಶ್ನೆ, ಸಾಲುಸಾಲು. ನಡುವೆ ಎಂಟು ಅಲ್ಲಲ್ಲಿ. ಒಂಬತ್ತು ಕಾಣಲು ಕನ್ನಡಕ ಬೇಕು.

"ಹಿಂದ ಸೊನ್ನಿ ಹಚ್ಚಿದ್ರ ಏನೂ ಆಗಂಗಿಲ್ಲೇನ್ರಿ" ಎಂಬುದು ಅಪ್ಪಟ ಒಂಬತ್ತು. ಅದು ಬಂದದ್ದು ಅದಕ್ಕೆ ಮೊದಲು ಅಕ್ಕೋರು ಹತ್ತಕ್ಕೆ ಜಾಗ ಬಿಟ್ಟದ್ದರಿಂದ. ಅಮೆರಿಕದಲ್ಲಿ ವಿಜ್ಞಾನ ತರಗತಿಗಳನ್ನು ಧ್ವನಿಮುದ್ರಿಸಿಕೊಂಡು ಅಧ್ಯಯನ ಮಾಡಿದ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಕಾಯುವುದು ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿಬಿಡುತ್ತಾರೆ, ಮಕ್ಕಳೇ ಪ್ರಶ್ನೆ ಕೇಳುವುದು ಹೆಚ್ಚುತ್ತದೆ.

ಅಂಕದ ಬಗ್ಗೆ: ಪೀಠಿಕೆಗೆ ಕಡಿಮೆ ಹಾಕಬೇಡಿ. ಎರಡು ಸಂಖ್ಯೆ ಬರೆದು ಯಾವುದು ದೊಡ್ಡದು ಅಂದದ್ದೇ ಪೀಠಿಕೆ. ಪಾಠವನ್ನು ಐದು ಹಂತವಾಗಿ ನೋಡುವ 5ಇ ಮಾದರಿಯ ಭಾಷೆಯಲ್ಲಿ ಹೇಳಬೇಕೆಂದರೆ ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ ಎರಡೂ ಆಗಿದೆ. ನಾನಾದರೆ ಉಪಸಂಹಾರದ ಕಲಮಿನಲ್ಲಿ "ಮರುದಿನಕ್ಕೆ ಪ್ರಶ್ನೆ ಉಳಿಸಿದರು" ಎಂದು ಬರೆದು ಐದು ಕೊಡುತ್ತಿದ್ದೆ.

---

ಬೆಂಗಳೂರು ಮಿಸ್

ನಾನು ಸ್ವಲ್ಪ ಬೇರೆ ಹೇಳ್ತೀನಿ, ಬೈಕೋಬೇಡಿ.

ಇಲ್ಲಿ ಎಲ್ಲರೂ ಆ ಪುಸ್ತಕವನ್ನ ಆಡ್ಕೊಳ್ತಾ ಇದೀರ. ಪ್ರೈವೇಟ್ ಶಾಲೆಯಲ್ಲಿ ನನ್ನನ್ನ ಕೋಆರ್ಡಿನೇಟರ್ ಬಂದು ನೋಡ್ತಾರೆ, ಪ್ರಿನ್ಸಿಪಾಲ್ ಬಂದು ನೋಡ್ತಾರೆ, ತಲೆ ಮೇಲೆ ಕ್ಯಾಮೆರಾ ಬೇರೆ ನೋಡ್ತಿರುತ್ತೆ. ಹಾಗಾಗಿ ನೋಡಿಸ್ಕೊಳ್ಳೋದು ಅಂದ್ರೆ ಏನು ಅಂತ ಗೊತ್ತು. ಆದ್ರೂ ಹೇಳ್ತೀನಿ, ಹೊಸಬರಿಗೆ ಧ್ವನಿ ಮುಖ್ಯ. ಹಲಗೆ ಮುಖ್ಯ. ಕೊನೆ ಸಾಲಿಗೆ ಕೇಳಿಸದ ಟೀಚರ್ ಎಷ್ಟು ಒಳ್ಳೆ ಪ್ರಶ್ನೆ ಕೇಳಿದ್ರೆ ಏನು ಬಂತು? ಹಲಗೆ ಬಲಗಡೆ ಮೂಲೇಲಿ ಅಕ್ಷರ ಇಳಿಜಾರಾಗಿ ಬೆಂಚಿನವರೆಗೆ ಬಂದುಬಿಟ್ಟಿರುತ್ತೆ, ಮಕ್ಕಳು ಕತ್ತು ವಾರೆ ಮಾಡ್ಕೊಂಡು ಬರ್ಕೊಳ್ತಾರೆ, ನಮಗೆ ಗೊತ್ತೇ ಆಗಲ್ಲ. ಅದನ್ನ ಯಾರಾದ್ರೂ ಹಿಂದೆ ಕೂತು ನೋಡಿ ಹೇಳಬೇಕು.

ಬಿ.ಎಡ್‌ನಲ್ಲಿ ಸೂಕ್ಷ್ಮಬೋಧನೆ ಅಂತ ಚಿಕ್ಕ ಪಾಠದ ಅಭ್ಯಾಸ ಇರುತ್ತೆ, ಅದರಲ್ಲಿ 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮತ್ತೆ ಯೋಜನೆ, ಮತ್ತೆ 6 ಪಾಠ, ಮತ್ತೆ 6 ಹಿಮ್ಮಾಹಿತಿ, ಹೀಗೆ 36 ನಿಮಿಷದ ಚಕ್ರ ಮಾಡ್ಸಿದಾಗ ನಾವೂ ನಕ್ಕಿದ್ವಿ, ಗೆಳತಿಯರನ್ನೇ ಮಕ್ಕಳು ಅಂದ್ಕೊಂಡು "ಕುಳಿತುಕೊಳ್ಳಿ ಮಕ್ಕಳೇ" ಅನ್ನೋದು ನಾಟಕದ ಥರಾನೇ ಇತ್ತು. ಆದ್ರೆ ಪ್ರಶ್ನೆ ಕೇಳಿ ನಾನೇ ಉತ್ತರ ಹೇಳಿಬಿಡ್ತೀನಿ ಅನ್ನೋದನ್ನ ನನ್ನ ಗೆಳತಿ ಅಲ್ಲೇ ಹಿಡಿದಿದ್ದು.

ಆ ಅಕ್ಕೋರು ಕಿಟಕಿಗೆ ಒರಗಿ ನಿಲ್ಲೋಕೆ ಆಗಿದ್ದು ಅವರಿಗೆ ತರಗತಿ ಕೈಯಲ್ಲಿತ್ತು ಅಂತ. ಮೊದಲನೇ ವರ್ಷದ ಟೀಚರ್ ಹಾಗೆ ಒರಗಿ ನಿಂತ್ರೆ ಎರಡೇ ನಿಮಿಷಕ್ಕೆ ಪಕ್ಕದ ಕ್ಲಾಸಿಂದ ಕಂಪ್ಲೇಂಟ್ ಬರುತ್ತೆ. ಆ ಹಿಡಿತ ಎಲ್ಲಿಂದ ಬಂತು ಅಂತ ನೋಡಿ. ಜೂನ್ ತಿಂಗಳಲ್ಲಿ ಅವರು ಏನು ಮಾಡಿರ್ತಾರೋ ಅದನ್ನ ನೀವು ನೋಡಿಲ್ಲ.

---

ಬಿ.ಎಡ್ ಕಾಲೇಜಿನ ಮೇಷ್ಟ್ರು

ಮಿಸ್ ಹೇಳಿದ ಕೊನೆಯ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ವೀಕ್ಷಣೆಯನ್ನು ಶಾಲೆ ಶುರುವಾದ ವಾರದಲ್ಲಿ ಇಟ್ಟರೆ ನೂರು ಪಾಲು ಉಪಯೋಗ. ಆದರೆ ನಮ್ಮ ಸೆಮಿಸ್ಟರ್ ವೇಳಾಪಟ್ಟಿಗೂ ಶಾಲೆಯ ವೇಳಾಪಟ್ಟಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

---

ನಲಿಕಲಿ ಕೊಠಡಿ

ಬಿ.ಎಡ್‌ನವರು ಒಂದರಿಂದ ಮೂರನೇ ತರಗತಿ ಕಡೆ ತಲೆ ಹಾಕುವುದೇ ಇಲ್ಲ. ಬಿಡುವಿದ್ದಾಗ ಅದೇ ಶಾಲೆಯ ನಲಿಕಲಿ ಕೋಣೆಗೆ ಹೋಗಿ ಕೂತು ಬನ್ನಿ ತಂಗಿ. ಅಲ್ಲಿ ಪೀಠಿಕೆ, ಉಪಸಂಹಾರ ಹುಡುಕಿದರೂ ಸಿಗುವುದಿಲ್ಲ, ನಿಮ್ಮ ಪುಸ್ತಕ ಮಡಚಿ ಚೀಲದಲ್ಲಿಡಬೇಕಾಗುತ್ತದೆ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿ ಶಾಲೆಯ ಮಾದರಿ ನೋಡಿಕೊಂಡು ಬಂದ ನಮ್ಮಂಥ ಶಿಕ್ಷಕರೇ ಸೇರಿ ಕಟ್ಟಿದ ಪದ್ಧತಿ ಇದು. ಆಮೇಲೆ ರಾಜ್ಯಕ್ಕೆಲ್ಲ ಹರಡಿತು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ತಟ್ಟೆ ಎಂದು ಕರೆಯುವ ಗುಂಪುಗಳಲ್ಲಿ ನೆಲದ ಮೇಲೆ. ಒಂದು ತಟ್ಟೆಯವರಿಗೆ ಶಿಕ್ಷಕರ ಪೂರ್ತಿ ಸಹಾಯ, ಇನ್ನೊಂದಕ್ಕೆ ಅರ್ಧ, ಕೆಲವರು ಜತೆಯ ಮಕ್ಕಳಿಂದ ಕಲಿಯುತ್ತಾರೆ, ಕೊನೆಯವರು ಸ್ವಕಲಿಕೆ. ಕಲಿಕಾ ಏಣಿಯಲ್ಲಿ ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂದು ಶಿಕ್ಷಕಿಗೆ ಗೊತ್ತಿರಬೇಕು. ಎಲ್ಲ ಕಡೆ ಚೆನ್ನಾಗಿ ನಡೆಯುತ್ತಿದೆ ಎಂದು ನಾನು ಹೇಳುವುದಿಲ್ಲ. ಕಾರ್ಡುಗಳು ಕಳೆದುಹೋಗಿರುತ್ತವೆ, ಮಕ್ಕಳು ಜಾಸ್ತಿಯಾದರೆ ಐದು ಗುಂಪು ಸಂಭಾಳಿಸುವುದು ಹೆಣಗಾಟ. ಆದರೆ ಒಂದು ಮಗು ಎಲ್ಲಿ ನಿಂತಿದೆ ಎಂದು ನೋಡದೆ ಆ ಕೋಣೆಯಲ್ಲಿ ಒಂದು ದಿನವೂ ದಾಟಲು ಬರುವುದಿಲ್ಲ.

ನನ್ನ ಕೋಣೆಯಲ್ಲಿ ತಾಂಡಾದಿಂದ ಬರುವ ಒಂದು ಹುಡುಗಿ ಇದ್ದಳು. ಮನೆ ಮಾತು ಲಂಬಾಣಿ. ಚಿತ್ರ ಕಾರ್ಡು ತೋರಿಸಿ "ಇದೇನು" ಅಂದರೆ ಬಾಯಿ ಬಿಡುತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಎಲ್ಲರ ಲೆಕ್ಕ. ಒಂದು ದಿನ ಪಕ್ಕದವಳಿಗೆ ಅದೇ ಕಾರ್ಡು ಹಿಡಿದು ತನ್ನ ಭಾಷೆಯಲ್ಲಿ ಕತೆ ಕಟ್ಟಿ ಹೇಳುತ್ತ ಕೂತಿದ್ದಳು, ಬೆರಳು ಒಂದೊಂದೇ ಚಿತ್ರದ ಮೇಲೆ ಸರಿಯಾಗಿ ಓಡುತ್ತಿತ್ತು. ಅಂದಿನಿಂದ ಅವಳ ಗುಂಪಿಗೆ ತಾಂಡಾದವಳೇ ಆದ, ಎರಡು ಭಾಷೆ ಬಲ್ಲ ಮೂರನೇ ತರಗತಿ ಹುಡುಗಿಯೊಬ್ಬಳನ್ನು ಕೂರಿಸಿದೆ. ಇದು ಯಾವ ಫಾರ್ಮ್ಯಾಟಿನಲ್ಲೂ ಇಲ್ಲ, ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರಿಂದ ಕಿವಿಗೆ ಬಿತ್ತು.

---

ಬಿಟ್ಟು ಬಂದವನು

ನಾನು ಬಿ.ಎಡ್ ಮಾಡಿ, ಖಾಸಗಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ, ಈಗ ಬೇರೆ ಇಲಾಖೆಯಲ್ಲಿ ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕ. ದುಃಖ ಏನಿಲ್ಲ, ಆರಾಮಾಗಿದ್ದೇನೆ.

ನಾನು ಬಿ.ಎಡ್‌ಗೆ ಹೋದದ್ದು ನಮ್ಮ ಹೈಸ್ಕೂಲ್ ಇತಿಹಾಸದ ಮೇಷ್ಟ್ರ ಥರ ಆಗಬೇಕು ಅಂತ. ಅವರು ವಿಜಯನಗರ ಪಾಠ ಮಾಡಿದರೆ ಇಡೀ ತರಗತಿ ಹಂಪೆಯಲ್ಲಿ ಇರುತ್ತಿತ್ತು. ನಾನೂ ಹಾಗೇ ಮಾಡಿದೆ, ಮಕ್ಕಳೂ ಬಾಯಿ ಬಿಟ್ಟುಕೊಂಡು ಕೇಳಿದರು. ನನಗೆ ಬೇಕಿದ್ದದ್ದು ಆ ಕೇಳುವ ಮುಖಗಳು. ಪರೀಕ್ಷೆ ಪೇಪರ್ ತಿದ್ದುವಾಗ, ಯಾರಿಗೆ ಏನು ತಿಳಿದಿಲ್ಲ ಅಂತ ಕೂತು ನೋಡುವಾಗ, ಅದೇ ಪ್ರಶ್ನೆಯನ್ನು ಹತ್ತನೇ ಸಲ ಬೇರೆ ರೀತಿ ಕೇಳುವಾಗ ನನಗೆ ಒಂದಿಷ್ಟೂ ಆಸಕ್ತಿ ಇರಲಿಲ್ಲ. ಭಾಷಣಕಾರನಿಗೆ ಬೇಕಾದ ಗುಣ ನನ್ನಲ್ಲಿತ್ತು, ಶಿಕ್ಷಕನಿಗೆ ಬೇಕಾದದ್ದು ಇರಲಿಲ್ಲ.

ಡ್ಯಾನ್ ಲಾರ್ಟಿ ಅಂತ ಒಬ್ಬ ಅಮೆರಿಕನ್ ಸಮಾಜಶಾಸ್ತ್ರಜ್ಞ 1975ರಲ್ಲಿ ಹೇಳಿದ ಮಾತು ಬಿ.ಎಡ್‌ನಲ್ಲಿ ಓದಿದ್ದೆ: ಶಿಕ್ಷಕರಾಗುವವರು ತಾವು ವಿದ್ಯಾರ್ಥಿಯಾಗಿದ್ದ ವರ್ಷಗಳುದ್ದಕ್ಕೂ ಶಿಕ್ಷಕರನ್ನು ನೋಡುತ್ತಲೇ ಬಂದಿರುತ್ತಾರೆ, ಆದರೆ ಬೆಂಚಿನಿಂದ ನೋಡಿರುತ್ತಾರೆ. ಪಾಠದ ಹಿಂದಿನ ಯೋಚನೆ ಅಲ್ಲಿಂದ ಕಾಣುವುದಿಲ್ಲ. ಪ್ರಶ್ನೆ ಕೇಳಿದ ಹಾವೇರಿಯ ಹುಡುಗಿಗೆ ಕಾಣಿಸಿದೆ, ಅಷ್ಟರಮಟ್ಟಿಗೆ ನನಗಿಂತ ಮುಂದಿದ್ದಾರೆ.

---

ಅತಿಥಿ, ರಾಯಚೂರು

ಎಫ್‌ಡಿಎ ಸರ್, ಸಂಬಳ ತಿಂಗಳಾ ಒಂದನೇ ತಾರೀಖಿಗಿ ಬೀಳ್ತದಲ್ರಿ? ಅಷ್ಟ ಕೇಳೋದಿತ್ತು 😀

---

ಬಿಟ್ಟು ಬಂದವನು

ಬೀಳುತ್ತೆ ಸರ್. ಬೇಕಂತಲೇ ಬರೆದಿರಲಿಲ್ಲ 😀

---

ಮೂರು ಸೆಕೆಂಡಿನ ಲೆಕ್ಕ

ಎಲ್ಲ ಸರಿ, ಪೋರ್ಷನ್ ಯಾರು ಮುಗಿಸೋದು? ಎರಡು ಸಂಖ್ಯೆಗೆ ಒಂದು ಪೀರಿಯಡ್ ಹೋಯಿತು. ನಡುನಡುವಿನ ಕಿರುಪರೀಕ್ಷೆ ಎಫ್‌ಎ ನಾಲ್ಕು, ಅರ್ಧವಾರ್ಷಿಕ-ವಾರ್ಷಿಕದಂಥ ಎಸ್‌ಎ ಎರಡು, ನಡುವೆ ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಜಯಂತಿಗಳು. ಐದನೇ ತರಗತಿಯವರೆಗೆ 30 ಮಕ್ಕಳಿಗೆ ಒಬ್ಬರು, ಆರರಿಂದ ಎಂಟಕ್ಕೆ 35ಕ್ಕೆ ಒಬ್ಬರು ಅಂತ ಆರ್‌ಟಿಇ ಹೇಳುತ್ತದೆ. ನನ್ನ ಶಾಲೆಯಲ್ಲಿ ಗಣಿತಕ್ಕೂ ವಿಜ್ಞಾನಕ್ಕೂ ನಾನೊಬ್ಬನೇ, ಆರು, ಏಳು, ಎಂಟು ಮೂರಕ್ಕೂ. ಮಗು ತಾನಾಗಿ ಪ್ರಶ್ನೆ ಕೇಳಲಿ ಅಂತ ಕಿಟಕಿಗೆ ಒರಗಿದರೆ ಫೆಬ್ರವರಿಯಲ್ಲಿ ಮುಖ್ಯೋಪಾಧ್ಯಾಯರು ನನ್ನನ್ನು ಗೋಡೆಗೆ ಒರಗಿಸುತ್ತಾರೆ.

---

ಪುತ್ತೂರಿನ ನಿವೃತ್ತ ಮಾಷ್ಟ್ರು

ನಿಮ್ಮ ಕಷ್ಟ ಸುಳ್ಳಲ್ಲ. ನಾನು ಮಾಡುತ್ತಿದ್ದದ್ದು ಹೇಳ್ತೇನೆ: ಎಲ್ಲ ಪಾಠಕ್ಕೂ ಹೀಗೆ ಒರಗಿ ನಿಲ್ಲುವುದಿಲ್ಲ. ಮಕ್ಕಳು ಎಡವುವ ಜಾಗಗಳು ಎಲ್ಲ ಶಾಲೆಯಲ್ಲೂ ಅವೇ. ಸ್ಥಾನಬೆಲೆ, ಭಿನ್ನರಾಶಿ, ದಶಾಂಶ, ಋಣಸಂಖ್ಯೆ, ಎಕ್ಸ್ ಬರುವ ಜಾಗ. ಅಲ್ಲಿ ನಿಲ್ಲಿ, ಉಳಿದ ಕಡೆ ಓಡಿ. ಅಲ್ಲಿ ನಿಲ್ಲದೆ ಓಡಿದವ ಎಂಟನೇ ಕ್ಲಾಸಿನಲ್ಲಿ ಪುನಃ ಆರನೆಯದ್ದನ್ನೇ ಕಲಿಸ್ತಾನೆ, ಆಗ ಪೋರ್ಷನ್ ಇನ್ನೂ ಹಿಂದೆ ಬೀಳ್ತದೆ.

---

ಹಾವೇರಿ ಕಡೆಯಾಕಿ

ಎಲ್ಲರೂ ಇಷ್ಟು ಬರೆದಿದ್ದೀರಿ, ಒಂದೊಂದಕ್ಕೂ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ಮಾಷ್ಟ್ರೇ, ನೀವು ಹೇಳಿದಂತೆ ಅಕ್ಕೋರನ್ನು ಕೇಳಿ ಮುಂದೆ ಗೋಡೆ ಬದಿಗೆ ಕೂತೆ. ಅಕ್ಕೋರು ಮೊದಲು ಅನುಮಾನದಿಂದ ನೋಡಿ ಆಮೇಲೆ "ಕೂಡ್ರು" ಅಂದರು. ಮರುದಿನದ ಪಾಠ 0.05. ಅದೇ ಹುಡುಗ, ಅದೇ ಪಟ್ಟಿ. ಹತ್ತರಲ್ಲಿ ಒಂದು ಪಾಲನ್ನು ಮತ್ತೆ ಹತ್ತು ಮಾಡಿ, ಅಂಥ ಐದು ತಗೋ ಅಂದಾಗ ಅವನ ಬೆರಳು ಎಲ್ಲಿಗೆ ಬಂತು ಗೊತ್ತೇ? ಮೊದಲ ದಿನ 0.5 ಅಂತ ಇಟ್ಟ ಅದೇ 5 ಸೆಂಟಿಮೀಟರ್ ಗುರುತಿಗೆ! "ಅಕ್ಕೋರ, ನಾ ನಿನ್ನೆ ಇಲ್ಲೇ ಇಟ್ಟಿದ್ನಿ!" ಅಂತ ಕೂಗಿದ. ಅಕ್ಕೋರಿಗೆ ಇದು ಮೊದಲೇ ಗೊತ್ತಿತ್ತಾ ಅಂತ ಬಿಡುವಿನಲ್ಲಿ ಕೇಳಿದೆ. "ಪ್ರತಿ ವರ್ಷ ಒಬ್ಬರಾದ್ರೂ ಅಲ್ಲೇ ಇಡ್ತಾರ. ಅದಕ್ಕ ಪಟ್ಟಿ ತಂದಿರ್ತೀನಿ" ಅಂದರು. ಬೆಂಗಳೂರು ಮಿಸ್ ಹೇಳಿದ್ದು ಇದೇ ಇರಬೇಕು, ಮಕ್ಕಳು ಏನು ಉತ್ತರ ಕೊಡುತ್ತಾರೆ ಅಂತ ಮೊದಲೇ ಗೊತ್ತಿರುವವರಿಗೆ ಮಾತ್ರ ಅಷ್ಟು ನಿರಾಳವಾಗಿ ನಿಲ್ಲಲು ಆಗುತ್ತದೆ.

ಕೈ ಎತ್ತದ ಹುಡುಗಿಯೊಬ್ಬಳನ್ನೂ ನೋಡಿದೆ. ಅವಳು ಇಡೀ ಪೀರಿಯಡ್ ಪಕ್ಕದವಳ ನೋಟುಪುಸ್ತಕ ನೋಡಿ ಬರೆಯುತ್ತಿದ್ದಳು, ಕೊನೆಗೆ ತನ್ನದೊಂದು ಲೆಕ್ಕ ಮಾಡಿ ಕೈ ಅಡ್ಡ ಇಟ್ಟು ಮುಚ್ಚಿಕೊಂಡಳು. ಸರಿಯಾಗಿತ್ತು. ಅಕ್ಕೋರಿಗೆ ಹೇಳಿದಾಗ ಅವರು ಅದನ್ನು ಗಮನಿಸಿರಲಿಲ್ಲ. ಅಂದರೆ ಪಕ್ಕದಲ್ಲಿ ಕೂತು ನೋಡುವವರಿಂದ ಪಾಠ ಮಾಡುವವರಿಗೂ ಉಪಯೋಗ ಇದೆ. ಆಮೇಲೆ ಅವರೇ "ನಾಳೆ ಹಿಂದಿನ ಸಾಲು ನೋಡು" ಅಂತ ಕೆಲಸ ಹಚ್ಚಿದರು.

ರಾಯಚೂರು ಸರ್, ನೀವು ಹೇಳಿದ್ದನ್ನೂ ನೋಡಿದೆ. ಗಂಟೆಯಾದ ಮೇಲೆ ಅಕ್ಕೋರು ಹೋದದ್ದು ಬಿಸಿಯೂಟದ ಕೋಣೆಗೆ. ಊಟ ಬಡಿಸುವಾಗ ಯಾರು ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಾರೆ ಅಂತ ಅವರಿಗೆ ಗೊತ್ತಿದೆ. ಆದರೆ ಮಧ್ಯಾಹ್ನದ ಮೊದಲ ಪೀರಿಯಡ್ ಪೂರ್ತಿ ಮೊಬೈಲಿನಲ್ಲಿ ಮಾಹಿತಿ ತುಂಬುವುದರಲ್ಲಿ ಹೋಯಿತು, ಏಳನೇ ತರಗತಿಯನ್ನು ನನ್ನ ಕೈಗೆ ಕೊಟ್ಟರು. ಆ ಹೊತ್ತಿಗೆ ಅವರ ಮುಖದಲ್ಲಿದ್ದ ಸುಸ್ತು ನನಗೆ ಹಿಡಿಸಲಿಲ್ಲ, ಅದೂ ನಿಜ.

ಅಪ್ಪನಿಗೆ ಪಟ್ಟಿಯ ಕತೆ ಹೇಳಿದೆ. ಪೂರ್ತಿ ಕೇಳಿ, "ಪಗಾರ ಎಷ್ಟು, ಅದನ್ನ ಹೇಳು" ಅಂದರು. ಹಾಗಾಗಿ ಈಗ ನೇರ ಪ್ರಶ್ನೆ. ಸರ್ಕಾರಿ ಶಾಲೆಗೆ ಹೋಗಬೇಕು, ಆರರಿಂದ ಎಂಟೇ ಇಷ್ಟ. ದಾರಿ ಏನು?

---

ಬಿ.ಎಡ್ ಕಾಲೇಜಿನ ಮೇಷ್ಟ್ರು

ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿಯ ಪತ್ರಿಕೆ 2 ಬರೆಯಿರಿ. ಪತ್ರಿಕೆ 1 ನಿಮಗೆ ಪ್ರಯೋಜನವಿಲ್ಲ. ಒಂದರಿಂದ ಐದನೇ ತರಗತಿಗೆ ಬಿ.ಎಡ್ ಅರ್ಹತೆ ಅಲ್ಲ, ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ ಡಿ.ಎಲ್.ಎಡ್ ಬೇಕು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ಹೇಳಿದ ಮೇಲೆ ಆ ಬಾಗಿಲು ಮುಚ್ಚಿದೆ. ಪತ್ರಿಕೆ 2ರಲ್ಲಿ 150 ಪ್ರಶ್ನೆ, 150 ಅಂಕ, ಸಾಮಾನ್ಯ ವರ್ಗಕ್ಕೆ ಶೇ 60 ಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಗಣಿತ-ವಿಜ್ಞಾನ ಆಯ್ಕೆ ಮಾಡಿಕೊಳ್ಳಿ. ಪ್ರಮಾಣಪತ್ರ ಈಗ ಜೀವಮಾನವಿಡೀ ಚಾಲ್ತಿ, ಹಾಗಾಗಿ ಬೇಗ ಪಾಸಾಗಿ ಇಟ್ಟುಕೊಂಡರೆ ನಷ್ಟವಿಲ್ಲ.

ನೇಮಕಾತಿ ಯಾವಾಗ ಕರೆಯುತ್ತಾರೆ ಎಂಬುದೇ ಇರುವ ಸಮಸ್ಯೆ. 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆ ಕರೆದಿದ್ದರು, ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ. ಎಲ್ಲ ಹುದ್ದೆಯೂ ತುಂಬಲಿಲ್ಲ. ಅಂಥದ್ದು ಮತ್ತೆ ಬರುವವರೆಗೆ ಕೈಯಲ್ಲಿ ಒಂದು ಕೆಲಸ ಇರಲಿ.

---

ಅತಿಥಿ, ರಾಯಚೂರು

ಅಲ್ಲಿತನಕ ಅತಿಥಿ ಆಗಿ ಬರ್ರಿ, ನಮ್ ತಾಲೂಕದಾಗ ಗಣಿತಕ್ಕ ಜನ ಇಲ್ಲ. ನಿಮ್ಮಪ್ಪಾರಿಗಿ ಪಗಾರ ಮಾತ್ರ ನಾ ಹೇಳಂಗಿಲ್ಲ.

---

ಬೆಂಗಳೂರು ಮಿಸ್

ಬ್ಯಾಂಕ್ ಪರೀಕ್ಷೆನೂ ಕಟ್ಟಿ ಕಣ್ರೀ. ಅದರ ಲೆಕ್ಕ, ತರ್ಕದ ತಯಾರಿ ಎಲ್ಲೂ ದಂಡ ಆಗಲ್ಲ, ಮನೇಲೂ ಜಗಳ ಇರಲ್ಲ. ಪಾಸಾದ್ರೆ ಆಗ ಯೋಚ್ನೆ ಮಾಡಿದ್ರಾಯ್ತು.

---

ಹಾವೇರಿ ಕಡೆಯಾಕಿ

ಪತ್ರಿಕೆ 2ಕ್ಕೇ ಓದುತ್ತೇನೆ. ಬ್ಯಾಂಕಿನದ್ದು ಅಪ್ಪನ ಸಮಾಧಾನಕ್ಕೆ ಒಂದು ಸಲ ಬರೆಯುತ್ತೇನೆ, ಅಷ್ಟೆ. ರಾಯಚೂರು ಸರ್, ನಿಮ್ಮ ತಾಲೂಕಿನಲ್ಲಿ ಬಾಡಿಗೆ ಕೋಣೆ ಎಷ್ಟಕ್ಕೆ ಸಿಗುತ್ತದೆ?

ಇನ್ನೊಂದು ಬೇಕಿತ್ತು. ಮುಂದಿನ ವಾರ ನನ್ನದೇ ಪಾಠ, ಏಳನೇ ತರಗತಿ, ಋಣಸಂಖ್ಯೆ. ಮೈನಸ್ ಎಂಟಕ್ಕಿಂತ ಮೈನಸ್ ಮೂರು ದೊಡ್ಡದು ಅನ್ನುವಲ್ಲಿ ನಿಮ್ಮ ಮಕ್ಕಳು ಏನೇನು ಹೇಳಿದ್ದಾರೆ? ಸರಿ ಉತ್ತರ ಬೇಡ, ಅವರು ಹೇಳಿದ್ದನ್ನು ಹಾಗೇ ಬರೆಯಿರಿ.

---

ಮೂರು ಸೆಕೆಂಡಿನ ಲೆಕ್ಕ

"ಎಂಟು ರೂಪಾಯಿ ಸಾಲ ಅಂದ್ರೆ ದೊಡ್ಡ ಸಾಲ ಅಲ್ವಾ ಸಾರ್, ಮತ್ತೆ ಚಿಕ್ಕದು ಹೇಗೆ?" ಕಳೆದ ವರ್ಷ ಕೇಳಿದ್ದು. ಒಂದು ಪೀರಿಯಡ್ ಪೂರ್ತಿ ಹೋಯಿತು ನನ್ನದು.

---

ಪುತ್ತೂರಿನ ನಿವೃತ್ತ ಮಾಷ್ಟ್ರು

ಬಾವಿಯ ಉದಾಹರಣೆ ಕೊಡಿ ಮಗಳೇ, ಸಾಲದ್ದು ಬೇಡ. ನೆಲಮಟ್ಟ ಸೊನ್ನೆ. ನನ್ನಲ್ಲೊಬ್ಬ, "ನೀರು ಮೈನಸ್ ಎಂಟರಲ್ಲಿದ್ದರೆ ಹಗ್ಗ ಜಾಸ್ತಿ ಬೇಕಲ್ಲ ಸರ್, ಹಾಗಾದರೆ ದೊಡ್ಡದು ಅದೇ" ಅಂದಿದ್ದ. ಹಗ್ಗದ ಉದ್ದವೂ ನೀರಿನ ಮಟ್ಟವೂ ಬೇರೆ ಅಂತ ಅವನಿಗೆ ಮನವರಿಕೆ ಮಾಡಿಕೊಡಲು ಎರಡು ದಿನ ಬೇಕಾಯಿತು. ಒಂದು ಉದ್ದದ ಹಗ್ಗ ತಗೊಂಡು ಹೋಗಿ, ಗಂಟು ಹಾಕಿ ಇಟ್ಟುಕೊಳ್ಳಿ.